ವಲ್ಲಿಯ ಕೆಳಗಿನ ಬೆರಳು

ಒಂದೇ ಕಿಕ್ಕಿಗೆ ಚಾಲೂ ಆಯಿತಲ್ಲ, ಖಂಡಪ್ಪನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗಲೇ. ಎರಡು ಕಿಕ್ಕಿಗೆ ಆಗಿದ್ದರೆ ಏನು ಗಂಟು ಹೋಗುತ್ತಿತ್ತು? ನಾಲ್ಕು ಸಲ ಒದ್ದು, ಪ್ಲಗ್ ಬಿಚ್ಚಿ ಒರೆಸಿ, ಬೆವರು ಸುರಿಸಿ, ಮತ್ತೆ ನಾಲ್ಕು ಸಲ ಒದ್ದು ಚಾಲೂ ಆಗಿದ್ದರೆ ಆಳಂದ ಬಸ್‌ಸ್ಟ್ಯಾಂಡಿನ ಮಂದಿ ನಕ್ಕು ತಮ್ಮ ದಾರಿ ಹಿಡಿಯುತ್ತಿದ್ದರು. ಖಂಡಪ್ಪನೂ ಅವತ್ತು ಒಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದ. ಆದರೆ ಲಾಡ್ಲೆಸಾಬ ಹಗುರಾಗಿ ಕಾಲಿಟ್ಟು ಒತ್ತಿದ, ನಲವತ್ತೆರಡನೇ ಇಸವಿಯ ಆ ಬಿ.ಎಸ್.ಎ. ಗಾಡಿ ನಿನ್ನೆ ರಾತ್ರಿ ಬಿಟ್ಟ ಮಾತನ್ನು ಮುಂದುವರಿಸುವ ಮುದುಕನ ಹಾಗೆ ಡುಬು ಡುಬು ಎಂದು ಶುರುಮಾಡಿಕೊಂಡಿತು. ದೇವೀಂದ್ರಪ್ಪನ ಚಹದಂಗಡಿಯಲ್ಲಿ ಕುಳಿತವರೆಲ್ಲ ಕೈಯಲ್ಲಿ ಚಹದ ಬಸಿ ಹಿಡಿದುಕೊಂಡೇ ರಸ್ತೆಗೆ ಬಂದರು.

"ಏ ಖಂಡಪ್ಪಾ, ಹೆಣ ಅಂದಿದ್ದೆಲ್ಲೋ! ಎದ್ದು ಮಾತಾಡಾಕತ್ತದ ನೋಡು ನಿನ್ನ ಹೆಣ!" ಅಂತ ದೇವೀಂದ್ರಪ್ಪ ಒಲೆಯ ಮುಂದಿನಿಂದಲೇ ಕೂಗಿದ. ಇಡೀ ಅಂಗಡಿ ಘೊಳ್ಳೆಂದಿತು.

ದೇವೀಂದ್ರಪ್ಪನದು ಸುಳ್ಳಲ್ಲ, ಅದೇ ಸಂಕಟ. ನಾಲ್ಕು ವರ್ಷದ ಹಿಂದೆ ಖಂಡಪ್ಪ ಹಾಗೆ ಅಂದದ್ದು ಖರೆ, ಅದೂ ಇದೇ ಮಂದಿಯ ಮುಂದೆ. ನಿಂಬರ್ಗಾದ ಪಾಟೀಲರೊಬ್ಬರು ಲಡಾಯಿ ಮುಗಿದ ಮೇಲೆ ಪುಣೆಯ ಮಿಲಿಟರಿ ಹರಾಜಿನಲ್ಲಿ ಹಿಡಿದ ಗಾಡಿ ಅದು. ಅವರು ತೀರಿಕೊಂಡ ಮೇಲೆ ಕಣಿಕೆ ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷ ಬಿದ್ದಿತ್ತು. ಸೀಟಿನ ಬುಡದಲ್ಲಿ ಕೋಳಿ ತತ್ತಿ ಇಡುತ್ತಿತ್ತು, ಸೈಲೆನ್ಸರಿನಲ್ಲಿ ಇಲಿ ಮರಿ ಹಾಕುತ್ತಿತ್ತು. ಪಾಟೀಲರ ಮಕ್ಕಳು ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಆಳಂದಕ್ಕೆ ತಂದಾಗ ಅದು ಬಂದು ನಿಂತದ್ದು ಖಂಡಪ್ಪನ ಗ್ಯಾರೇಜಿನ ಮುಂದೆ. ಬೇರೆ ಎಲ್ಲಿ ನಿಲ್ಲಬೇಕು? ಆಳಂದ ತಾಲೂಕಿನಲ್ಲಿ ಎಂಜಿನ್ನಿನ ಮಾತು ಬಂದರೆ ಖಂಡಪ್ಪನ ಮಾತೇ ಕಡೇ ಮಾತು. ಕಿಕ್ ಒತ್ತಿದರೆ ಅಲ್ಲಾಡಲಿಲ್ಲ, ಪಿಸ್ಟನ್ ತುಕ್ಕು ಹಿಡಿದು ಸಿಲಿಂಡರಿನ ಬೋರಿಗೆ ಕಚ್ಚಿಕೊಂಡಿತ್ತು. ಖಂಡಪ್ಪ ಅವತ್ತು ಒಂದು ಟ್ರ್ಯಾಕ್ಟರಿನ ಅವಸರದಲ್ಲಿದ್ದ. ಕೂತು ನೋಡಲಿಲ್ಲ, ಬಾಗಿ ನೋಡಿದ ಅಷ್ಟೆ.

"ಇದು ಹೆಣ ಅದ್ರಿ. ಹೆಣಕ್ಕ ಯಾರರ ಸೂಜಿ ಮಾಡಸ್ತಾರೇನು? ಗುಜರಿಗೆ ತೂಕಕ್ಕ ಹಾಕ್ರಿ" ಅಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ಹೆಣವನ್ನು ತೂಕದ ಲೆಕ್ಕದಲ್ಲೇ ಕೊಂಡವನು ಎದುರಿನ ಬೇವಿನ ಗಿಡದ ಕೆಳಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಲಾಡ್ಲೆಸಾಬ. ಪರಕೀಯನಲ್ಲ. ಖಂಡಪ್ಪ ಸೊಲ್ಲಾಪುರದ ಉಸ್ತಾದರ ಹತ್ತಿರ ಕಲಿತವನು. ಎಂಟು ವರ್ಷ ಚಿಕ್ಕವನಾದ ಲಾಡ್ಲೆಸಾಬನೂ ಅಲ್ಲೇ ನಟ್ಟು ಬಿಚ್ಚುವ ಪಾನಾ ಹಿಡಿದವನು. ಆಮೇಲೆ ಹತ್ತು ವರ್ಷ ಖಂಡಪ್ಪನ ಗ್ಯಾರೇಜಿನಲ್ಲೇ ದುಡಿದ. ಖಂಡಪ್ಪ ಗಾಡಿಯ ಕೆಳಗೆ ಮಲಗಿ ಕೈ ಹೊರಗೆ ಚಾಚಿದರೆ ಸಾಕು, ಎಷ್ಟು ನಂಬರಿನ ಪಾನಾ ಬೇಕೆಂದು ಕೇಳದೆ ಅದನ್ನೇ ಇಡುತ್ತಿದ್ದ. ಊರಿನ ಮಂದಿಯನ್ನೆಲ್ಲ ಕಾಕಾ, ಮಾಮಾ ಎಂದು ಕರೆಯುವವನು ಖಂಡಪ್ಪನೊಬ್ಬನನ್ನೇ ಅಣ್ಣಾ ಅನ್ನುತ್ತಿದ್ದ. ಬೇರೆ ಶೆಡ್ಡು ಹಾಕುವಾಗಲೂ ಕಾಲು ಮುಟ್ಟಿ, ಅಪ್ಪಣೆ ಕೇಳಿಯೇ ಹಾಕಿದ್ದ.

ನಾಲ್ಕು ವರ್ಷ ಲಾಡ್ಲೆಸಾಬ ಆ ಗಾಡಿಯ ಬೆನ್ನು ಬಿಡಲಿಲ್ಲ. ಮೊದಲು ಬೋರಿನೊಳಗೆ ಸೀಮೆಎಣ್ಣೆ, ಕೊಬ್ಬರಿಎಣ್ಣೆ ಸುರಿದು ಎರಡು ತಿಂಗಳು ಸುಮ್ಮನೆ ಬಿಟ್ಟ. ಆಮೇಲೆ ಒಂದು ದಿನ ಕಟ್ಟಿಗೆಯ ತುಂಡಿಟ್ಟು ಮೆಲ್ಲಗೆ ತಟ್ಟಿದರೆ ಪಿಸ್ಟನ್ ಕದಲಿತಂತೆ. ಎರಡು ತಿಂಗಳ ತಾಳ್ಮೆ, ಒಂದು ತಟ್ಟು! ಇದು ಖಂಡಪ್ಪನಿಗೆ ಗೊತ್ತಿಲ್ಲದ ವಿದ್ಯೆಯೇ? ಉಸ್ತಾದರು ಕಲಿಸಿದ್ದು ಇಬ್ಬರಿಗೂ ಅದೇ. ಒಬ್ಬ ಮಾಡಿದ, ಒಬ್ಬ ಮಾಡಲಿಲ್ಲ. ಬೇರಿಂಗಿಗೆ ಸೊಲ್ಲಾಪುರ, ಮ್ಯಾಗ್ನೆಟ್ಟಿನ ತಂತಿ ಸುತ್ತಿಸಲು ಹೈದರಾಬಾದು, ಕಡ್ಡಿ ಮುರಿದ ಗಾಲಿಗೆ ಪುಣೆ ಎಂದು ಲಾಡ್ಲೆಸಾಬ ಓಡಾಡುವಾಗ ಖಂಡಪ್ಪ ನಗುತ್ತಿದ್ದ. ಮಿಲಿಟರಿ ಹಸಿರು ಬಣ್ಣ ಬಳಿದು, ಪೆಟ್ರೋಲ್ ಟಾಕಿಯ ಮೇಲೆ ಮೂರು ಬಂದೂಕು ಆನಿಸಿಟ್ಟ ಆ ಹಳೇ ಗುರುತನ್ನು ಬಿಳಿ ಬಣ್ಣದಲ್ಲಿ ತಾನೇ ಬರೆದಾಗ ನಗು ಕಡಿಮೆಯಾಯಿತು. ಈಗ ಒಂದೇ ಕಿಕ್ಕು. ನಗು ಪೂರ್ತಿ ನಿಂತುಹೋಯಿತು.

ಮರುದಿನ ಲಾಡ್ಲೆಸಾಬ ಹ್ಯಾಂಡಲಿಗೆ ಒಂದು ತಗಡು ತೂಗುಹಾಕಿದ: "ಬಿ.ಎಸ್.ಎ. ೧೯೪೨. ಎಲ್ಲಾ ಅಸಲಿ ಸಾಮಾನು. ಮಾರೋದದ." ಮಾರುವುದೇಕೆಂದರೆ ಅವನಿಗೆ ವೆಲ್ಡಿಂಗ್ ಮಷೀನು ಬೇಕಾಗಿತ್ತು. ಮುರಿದ ಚಾಸಿ, ನೇಗಿಲು, ಟ್ರಾಲಿ ಎಲ್ಲ ಬೆಸುಗೆಗೆ ಗುಲಬರ್ಗಾಕ್ಕೆ ಹೋಗುತ್ತಿದ್ದವು. ಆ ಮಷೀನು ಆಳಂದಕ್ಕೆ ಬಂದರೆ ಬೇವಿನ ಗಿಡದ ಕೆಳಗಿನ ಶೆಡ್ಡಿಗೆ ಗೋಡೆ ಬರುತ್ತದೆ, ಬೋರ್ಡು ಬರುತ್ತದೆ.

"ಸೊಲ್ಲಾಪುರದಾಗ ಮಷೀನಿಗೆ ಒಂಬತ್ತು ಸಾವಿರ ಹೇಳ್ಯಾರ ಅಣ್ಣಾ. ಒಂಬತ್ತರ ಕೆಳಗ ಯಾರ ಕೇಳಿದ್ರೂ ಗಾಡಿ ಕೊಡಾಂವಲ್ಲ ನಾ, ಅಲ್ಲಾನ ಆಣಿ" ಅಂತ ಖಂಡಪ್ಪನಿಗೇ ಬಂದು ಹೇಳಿದ. ಖಂಡಪ್ಪ "ಚಲೋ ಆತು ಬಿಡು" ಅಂದ. ಚಲೋ ಅನ್ನುವಾಗ ಬಾಯಿ ಕಹಿಯಾಗಿತ್ತು.

ಎಂಬತ್ತಾರನೇ ಇಸವಿಯ ಆ ಚಳಿಗಾಲದಲ್ಲಿ ಖಂಡಪ್ಪನಿಗೆ ನೆಮ್ಮದಿ ಎಂಬುದು ಇಲ್ಲವಾಯಿತು. ಅವನ ಅಂಗಡಿಗೆ ಜೀಪು ತಂದವನೂ ಮೊದಲು ಎದುರಿಗೆ ಹೋಗಿ ಬಿ.ಎಸ್.ಎ. ನೋಡಿ ಬರುತ್ತಿದ್ದ. ಬಸ್ಸು ಇಳಿದವರು ನಿಲ್ಲುತ್ತಿದ್ದರು. "ಇಂಗ್ರೇಜರ ಮಾಲು ನೋಡ್ರೆಪಾ" ಅನ್ನುವರು, "ಇದಕ್ಕ ಜೀವಾ ಬಂದದ್ದು ಲಾಡ್ಲ್ಯಾನ ಕೈಲಿ" ಅನ್ನುವರು. ಯಾರಾದರೂ ಆ ಕೈಗೆ ಪಾನಾ ಹಿಡಿಯಲು ಕಲಿಸಿದವನು ಯಾರೆಂದು ಕೇಳಿದರೇ? ಒಬ್ಬನೂ ಕೇಳಲಿಲ್ಲ.

ಮನೆಯಲ್ಲಾದರೂ ಸಮಾಧಾನ ಉಂಟೇ ಅಂದರೆ, ಅಲ್ಲಿ ಹೆಂಡತಿ ಗೌರಾಬಾಯಿ. ಆಕೆಗೆ ಗುಲಬರ್ಗಾದಲ್ಲಿ ಹೊಟ್ಟೆಯ ಆಪರೇಷನ್ ಆಗಿ ಮನೆಗೆ ಬಂದು ಹದಿನೈದು ದಿನವಾಗಿತ್ತು. ಖರ್ಚಿಗೆ ಆಕೆಯ ತವರಿನವರೇ ತೊಗರಿ ಮಾರಿ ಕೊಟ್ಟಿದ್ದರಿಂದ ಖಂಡಪ್ಪನಿಗೆ ಅಡಚಣೆಯೇನೂ ಬೀಳಲಿಲ್ಲ. ಆದರೆ ಮನೆಗೆ ಬಂದ ಮೂರನೇ ದಿನ ಜ್ವರ ಏರಿ, ಡಾಕ್ಟರು ಬರೆದ ಇಂಜೆಕ್ಷನ್ ಆಳಂದದಲ್ಲಿ ಸಿಗದೆ ಹೋದಾಗ, ಲಾಡ್ಲೆಸಾಬ ಯಾರನ್ನೂ ಕೇಳದೆ ಅದೇ ಬಿ.ಎಸ್.ಎ. ಹತ್ತಿ ಗುಲಬರ್ಗಾಕ್ಕೆ ಹೋಗಿ, ಊಟದ ಹೊತ್ತಿಗೆ ಹೊರಟವನು ಚಹದ ಹೊತ್ತಿಗೆ ತಂದು ಕೊಟ್ಟಿದ್ದ.

"ಆ ಗಾಡಿ ಸಪ್ಪಳ ಓಣಿಯಾಗ ಕೇಳಿದ್ದೇ ತಡ, ನನಗ ಜೀವ ಬಂದಂಗ ಆತ್ರಿ" ಎಂದು ಗೌರಾಬಾಯಿ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು. ಖಂಡಪ್ಪ ಕೇಳಿಸಿಕೊಳ್ಳುತ್ತಿದ್ದ. ಹೆಂಡತಿ ಬದುಕಿದ್ದಕ್ಕೆ ಸಂತೋಷ ಇಲ್ಲದೆ ಏನು, ಇತ್ತು. ಆದರೆ ಬದುಕಿಸಿದ್ದು ಆ ಗಾಡಿಯೇ ಆಗಬೇಕಿತ್ತೇ?

ಮೊದಲ ಗಿರಾಕಿ ಅಫಜಲಪುರ ತಾಲೂಕಿನ ಗೊಬ್ಬೂರಿನವನು, ಕಬ್ಬಿನ ಗುತ್ತಿಗೆದಾರ. ಗಾಡಿ ನೋಡಿ ಮೆಚ್ಚಿ, ನಾಳೆ ರೊಕ್ಕ ತರುತ್ತೇನೆಂದು ಹೇಳಿ, ಬಸ್ಸಿಗೆ ಕಾಯುತ್ತ ಖಂಡಪ್ಪನ ಅಂಗಡಿಯ ನೆರಳಿಗೆ ಬಂದು ನಿಂತ. "ಹೆಂಗ ಅನಸ್ತದ್ರಿ ಮೇಸ್ತ್ರಿ, ಗಾಡಿ?" ಎಂದು ಕೇಳಿದ.

ಖಂಡಪ್ಪ ಎಣ್ಣೆಕೈ ಒರೆಸಿಕೊಳ್ಳುತ್ತ, ದನಿ ತಗ್ಗಿಸಿ ಹೇಳಿದ: "ಮ್ಯಾಲ ಬಣ್ಣ ಭಾಳ ಛಂದ ಅದ್ರಿ. ಒಳಗ ಕ್ರ್ಯಾಂಕ್ ಸೀಳಿತ್ತು, ಬೆಸಗಿ ಹಾಕ್ಯಾನ. ಗೊಬ್ಬೂರು ಮುಟ್ಟೂತನಕಾ ಹೋದ್ರ ನಿಮ್ಮ ಪುಣ್ಯಾ." ಹಸಿ ಸುಳ್ಳು. ಕ್ರ್ಯಾಂಕಿಗೆ ಕೂದಲೆಳೆಯ ಬಿರುಕೂ ಇರಲಿಲ್ಲ. ಗುತ್ತಿಗೆದಾರ ಮತ್ತೆ ಬರಲಿಲ್ಲ. ಲಾಡ್ಲೆಸಾಬ ಮೂರು ದಿನ ದಾರಿ ನೋಡಿ, "ಮಂದಿ ಮಾತಿಗೆ ಕಿಮ್ಮತ್ತೇ ಇಲ್ಲ ನೋಡಣ್ಣಾ" ಎಂದು ಖಂಡಪ್ಪನ ಮುಂದೆಯೇ ಬೇಸರ ತೋಡಿಕೊಂಡ. ಖಂಡಪ್ಪ ಅವನಿಗೆ ಚಹ ಕುಡಿಸಿದ. ಅವತ್ತು ರೊಟ್ಟಿ ರುಚಿಯಾಗಿತ್ತು, ಇಲ್ಲ ಎಂದು ಯಾಕೆ ಹೇಳಲಿ.

ಆದರೆ ಎಲ್ಲ ಗಿರಾಕಿಗಳೂ ಗೊಬ್ಬೂರಿನವನ ಹಾಗೆ ಇರುವುದಿಲ್ಲ. ಮುಂದಿನ ಗುರುವಾರ ಜೇವರ್ಗಿಯಿಂದ ದೊಡ್ಡಪ್ಪಗೌಡರು ಬಂದಿಳಿದರು. ಆರಡಿ ಆಳು, ಬಿಳಿ ಧೋತರ, ಹೆಗಲ ಮೇಲೆ ಕೆಂಪಂಚಿನ ವಲ್ಲಿ. ಐವತ್ತು ವರ್ಷ ಎತ್ತಿನ ವ್ಯಾಪಾರ ಮಾಡಿದ ಮನುಷ್ಯ. ಗಾಡಿಯ ಸುತ್ತ ಮೂರು ಸುತ್ತು ಬಂದರು. ಎತ್ತಿನ ಬೆನ್ನು ಸವರುವಂತೆ ಟಾಕಿ ಸವರಿದರು.

"ಹೊಸ ಬುಲೆಟ್ ಯಾರರ ತಗೋತಾರ. ಇಂಥಾದು ಜಿಲ್ಲಾದಾಗ ಎರಡನೇದ್ದಿಲ್ಲ. ನನಗ ಬೇಕು. ಆದ್ರ ಒಂದು ಮಾತು ತಮ್ಮಾ, ಬಾಯಿಲೆ ರೇಟು ಹೇಳಿ ಚೌಕಾಸಿ ಮಾಡೋದು ನನಗ ಆಗಿ ಬರಂಗಿಲ್ಲ. ಎತ್ತಾಗಲಿ, ಫಟಫಟಿ ಆಗಲಿ, ವ್ಯಾಪಾರ ಅಂದ್ರ ವಲ್ಲಿಯೊಳಗ. ನಡುವ ಒಬ್ಬ ದಲಾಲಿ ಬೇಕು, ಮಾಲು ತಿಳದಾಂವ. ಯಾರ ಅದಾರ?"

ಲಾಡ್ಲೆಸಾಬ ಕ್ಷಣವೂ ಯೋಚಿಸಲಿಲ್ಲ. "ನಮ್ಮಣ್ಣ ಅದಾನಲ್ರಿ ಎದುರಿಗೇ!" ಅಂದ.

ಇದನ್ನು ಹಣೆಬರಹ ಅನ್ನಬೇಕೋ ಏನನ್ನಬೇಕೋ. ತೋಳಕ್ಕೆ ಕುರಿ ಕಾಯುವ ಕೆಲಸ ತಾನಾಗಿ ಬಂತು.

ಗೌಡರು ಮೊದಲು ಮಾಲಿನ ಪರೀಕ್ಷೆ ಆಗಲಿ ಅಂದರು. "ಮೇಸ್ತ್ರಿ, ನೀವೇ ಒಮ್ಮಿ ಹೊಡಕೊಂಡು ಬರ್ರಿ. ನಿಮ್ಮ ಕಿವಿ ಏನ ಹೇಳ್ತದ ಅದನ್ನ ನಂಬ್ತೇನಿ."

ನಾಲ್ಕು ವರ್ಷದಲ್ಲಿ ಖಂಡಪ್ಪ ಆ ಗಾಡಿಯನ್ನು ಮುಟ್ಟಿರಲಿಲ್ಲ. ಈಗ ಹತ್ತಿ ಕುಳಿತ. ಒತ್ತಿದ. ಹಾಳಾದದ್ದು, ಅವನಿಗೂ ಒಂದೇ ಕಿಕ್ಕು. ನರೋಣಾ ರಸ್ತೆ ಹಿಡಿದು ಊರು ದಾಟಿದ. ಎರಡೂ ಕಡೆ ಕೊಯ್ಲಿಗೆ ಬಂದ ತೊಗರಿ. ಅವನು ತಪ್ಪು ಹುಡುಕಲು ಹೊರಟವನು. ಗೇರು ಬದಲಿಸಿದ, ಬೆಣ್ಣೆಯಲ್ಲಿ ಚಾಕು ಹಾಕಿದ ಹಾಗೆ ಬಿತ್ತು. ಏರಿನಲ್ಲಿ ಬಿಟ್ಟ, ಉಸಿರು ಕಟ್ಟಲಿಲ್ಲ. ಬ್ರೇಕು ಹಿಡಿದ, ನೆಟ್ಟಗೆ ನಿಂತಿತು. ರಸ್ತೆಯ ಬದಿಗೆ ನಿಲ್ಲಿಸಿ, ಉಸ್ತಾದರು ಕಲಿಸಿದ ಹಾಗೆ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗಿಟ್ಟು ಹಿಡಿಕೆಯನ್ನು ಕಿವಿಗೆ ಹಚ್ಚಿ ಕುಳಿತ. ಬೇರಿಂಗು, ವಾಲ್ವು, ಪಿಸ್ಟನ್ನು ಎಲ್ಲ ಕೇಳಿದ. ಒಂದು ಕಡೆಯೂ ಅಪಸ್ವರವಿಲ್ಲ. ಇಪ್ಪತ್ತೆಂಟು ವರ್ಷದ ದುಡಿಮೆಯಲ್ಲಿ ಅವನು ಇಂಥ ಕೆಲಸ ಮಾಡಿರಲಿಲ್ಲ. ಮಾಡಲಾರ ಕೂಡ. ಅದು ಅವನಿಗೆ ಅಲ್ಲಿ, ಆ ತೊಗರಿ ಹೊಲದ ಮಗ್ಗುಲಲ್ಲಿ, ಯಾರೂ ನೋಡದಲ್ಲಿ ತಿಳಿಯಿತು. ಕಣ್ಣಲ್ಲಿ ನೀರು ಬಂತು. ಗಾಡಿಯನ್ನು ಕಾಲುವೆಗೆ ತಳ್ಳಿ, ಹ್ಯಾಂಡಲ್ ಜಾಮ್ ಆಯಿತೆಂದು ಹೇಳಿಬಿಡಲೇ ಎಂದೂ ಯೋಚಿಸಿದ. ಕೈ ಬರಲಿಲ್ಲ.

ತಿರುಗಿ ಬಂದು ಇಳಿದಾಗ ಗೌಡರು ಮುಖ ನೋಡಿದರು. "ಹೆಂಗ?"

ಗೊಬ್ಬೂರಿನವನಿಗೆ ಹೇಳಿದ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಎಂಜಿನ್ನನ್ನು ಕಿವಿಗೆ ಹಚ್ಚಿ ಕೇಳಿದ ಮೇಲೆ ಹಾಳು ಬಾಯಿ ಕೈಕೊಟ್ಟಿತು. "ಏನೂ ತಪ್ಪಿಲ್ರಿ" ಅಂದ. ತನ್ನ ಮಾತು ಕೇಳಿ ತನಗೇ ಸಿಟ್ಟು ಬಂತು.

ಗೌಡರು ಹೆಗಲಿನ ವಲ್ಲಿ ತೆಗೆದು ಖಂಡಪ್ಪನ ಕೈಗೆ ಕೊಟ್ಟರು. ವಲ್ಲಿಯೊಳಗಿನ ವ್ಯಾಪಾರ ದನದ ಸಂತೆಗೆ ಹೋದವರಿಗೆಲ್ಲ ಗೊತ್ತು. ದಲಾಲಿ ತನ್ನ ಕೈಯ ಮೇಲೆ ವಲ್ಲಿ ಮುಚ್ಚಿಕೊಂಡು ಮೊದಲು ಕೊಳ್ಳುವವನ ಹತ್ತಿರ ಹೋಗುತ್ತಾನೆ, ಆಮೇಲೆ ಮಾರುವವನ ಹತ್ತಿರ. ಬೆರಳು ಹಿಡಿದರೆ ಒಂದು, ಅಂಗೈ ಹಿಡಿದರೆ ಐದು. ಒಪ್ಪದವನು ಕೈ ಎಳೆದುಕೊಳ್ಳುತ್ತಾನೆ, ಒಪ್ಪಿದವನು ಅಂಗೈಗೆ ಅಂಗೈ ತಟ್ಟುತ್ತಾನೆ. ಅಂಕಿಯನ್ನು ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ಮುಗಿದ ಮೇಲೂ ಹೇಳುವ ಹಾಗಿಲ್ಲ. ರೊಕ್ಕವೂ ದಲಾಲಿಯ ಕೈಯಿಂದಲೇ ದಾಟಬೇಕು. ಎರಡೂ ಕಡೆಯ ಬೆರಳು ಗೊತ್ತಿರುವವನು ನಡುವಿನವನೊಬ್ಬನೇ.

ಖಂಡಪ್ಪ ವಲ್ಲಿ ಹೊದಿಸಿಕೊಂಡು ಗೌಡರ ಮುಂದೆ ಕೈ ಚಾಚಿದ. ಗೌಡರು ಅಂಗೈ ಹಿಡಿದರು, ಮತ್ತೊಮ್ಮೆ ಅಂಗೈ ಹಿಡಿದರು, ಕೊನೆಗೆ ಒಂದು ಬೆರಳು. ಹನ್ನೊಂದು ಸಾವಿರ. ಒಂಬತ್ತಕ್ಕೆ ಆಣೆ ಇಟ್ಟವನಿಗೆ ಹನ್ನೊಂದು!

ನಡುವೆ ಹತ್ತು ಹೆಜ್ಜೆಯ ದಾರಿ. ಆ ಹತ್ತು ಹೆಜ್ಜೆಯಲ್ಲಿ ಖಂಡಪ್ಪ ಏನೇನು ಕಂಡ ಅಂದರೆ, ವೆಲ್ಡಿಂಗ್ ಮಷೀನು ಕಂಡ, ಇಟ್ಟಂಗಿಯ ಗೋಡೆ ಕಂಡ, ಬಣ್ಣದ ಬೋರ್ಡು ಕಂಡ. ಜೇವರ್ಗಿಯಿಂದ ಅಫಜಲಪುರದವರೆಗೆ ಊರೂರಲ್ಲಿ ಗಾಡಿ ನಿಲ್ಲಿಸಿ, ಆಳಂದದಲ್ಲಿ ಒಬ್ಬ ಇದನ್ನು ಹೆಣ ಅಂದಿದ್ದನಂತೆ ಎಂದು ಗೌಡರು ನಗುವುದನ್ನು ಕಂಡ. ಬಾಯಿ ಸುಳ್ಳು ಹೇಳಲಿಲ್ಲ ಸರಿ, ಕೈ ಇದೆಯಲ್ಲ. ವಲ್ಲಿಯ ಕೆಳಗೆ ಲಾಡ್ಲೆಸಾಬನ ಅಂಗೈ ಹಿಡಿದ, ಆಮೇಲೆ ಒಂದೇ ಒಂದು ಬೆರಳು ಒತ್ತಿ ನಿಲ್ಲಿಸಿದ. ಆರು.

ಈಗ ಲಾಡ್ಲೆಸಾಬ ಕೈ ಎಳೆದುಕೊಳ್ಳುತ್ತಾನೆ, ಗೌಡರು ಮುನಿದು ಬಸ್ಸು ಹತ್ತುತ್ತಾರೆ, ಗಾಡಿ ಬೇವಿನ ಗಿಡದ ಕೆಳಗೇ ನಿಲ್ಲುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಖಂಡಪ್ಪ ಕಾದ.

ಕೈ ಹಿಂದೆ ಸರಿಯಲಿಲ್ಲ. ಲಾಡ್ಲೆಸಾಬ ಅವನ ಮುಖ ನೋಡಿದ, ವಲ್ಲಿಯನ್ನು ನೋಡಿದ, ಮತ್ತೆ ಮುಖ ನೋಡಿದ. ಆಮೇಲೆ ಮೆಲ್ಲಗೆ, ಮಗುವಿನ ಕೆನ್ನೆ ತಟ್ಟುವಷ್ಟು ಮೆಲ್ಲಗೆ, ಖಂಡಪ್ಪನ ಅಂಗೈಗೆ ಅಂಗೈ ತಟ್ಟಿದ.

"ಆತಣ್ಣಾ" ಅಂದ.

ಚಹದಂಗಡಿಯವರು ಚಪ್ಪಾಳೆ ತಟ್ಟಿದರು. ಗೌಡರು ಧೋತರದ ಸೊಂಟದಿಂದ ನೋಟಿನ ಕಟ್ಟು ತೆಗೆದು, ಹನ್ನೊಂದು ಸಾವಿರ ಎಣಿಸಿ ಕಾಗದದಲ್ಲಿ ಸುತ್ತಿ ಖಂಡಪ್ಪನ ಕೈಗಿಟ್ಟರು. ಲಾಡ್ಲೆಸಾಬ ಆ ಕಡೆ ತಿರುಗಿಯೂ ನೋಡಲಿಲ್ಲ. "ನಿನ್ನ ಕಡೇ ಇರಲಿ ಅಣ್ಣಾ, ಸಂಜಿಗೆ ತಂದು ಕೊಡು. ಗೌಡ್ರಿಗೆ ಗಾಡಿ ತಿಳಿಸಿ ಕಳಸಬೇಕು ನಾ" ಎಂದು ಗಾಡಿಯ ಕಡೆಗೆ ಹೋದ. ಅರ್ಧ ಗಂಟೆಯಲ್ಲಿ ಬಿ.ಎಸ್.ಎ. ಗೌಡರನ್ನು ಹೊತ್ತು ಊರು ಬಿಟ್ಟಿತು. ಅದರ ದನಿ ಗುಲಬರ್ಗಾ ರಸ್ತೆಯಲ್ಲಿ ಸಣ್ಣಗಾಗುವವರೆಗೂ ಲಾಡ್ಲೆಸಾಬ ರಸ್ತೆಯ ನಡುವೆಯೇ ನಿಂತಿದ್ದ.

ಖಂಡಪ್ಪ ಮನೆಗೆ ಬಂದು ಕಟ್ಟನ್ನು ಎದುರಿಗಿಟ್ಟುಕೊಂಡು ಕುಳಿತ. ಎಂಥ ಕೆಲಸವಾಯಿತು! ತನ್ನ ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡಹೊರಟರೆ, ಎದುರಿನವನು ಆ ಮೂಗಿಗೇ ನಮಸ್ಕಾರ ಮಾಡಿದ ಹಾಗಾಯಿತು. ವ್ಯಾಪಾರ ಮುರಿಯಲು ಹೋಗಿದ್ದು, ಕದಿಯಲು ಅಲ್ಲ. ಈಗ ಐದು ಸಾವಿರ ಕದ್ದ ರೊಕ್ಕ ಮಡಿಲಲ್ಲಿ ಬಂದು ಬಿದ್ದಿದೆ. ಅವನು ಹೊಟ್ಟೆಕಿಚ್ಚಿನ ಮನುಷ್ಯ ಹೌದು, ಕಳ್ಳ ಅಲ್ಲ.

"ಲಾಡ್ಲ್ಯಾನ ಗಾಡಿ ಹೋತೇನ್ರಿ?" ಎಂದು ಗೌರಾಬಾಯಿ ಹಾಸಿಗೆಯಿಂದಲೇ ಕೇಳಿದಳು. "ಪಾಪ, ಒಂದು ಮಷೀನಿಗಾಗಿ ಕೂಸಿನಂಥಾ ಗಾಡಿ ಕೊಟ್ಟ. ನಿಮ್ಮ ಕೈಲೆ ಆತಲ್ಲ ವ್ಯಾಪಾರ, ಚಲೋ ಆತು. ನೀವಂದ್ರ ಅವಗ ದೇವರು."

"ಸುಮ್ಮ ಮಲಕೋಬೇ ನೀ!" ಎಂದು ಖಂಡಪ್ಪ ರೇಗಿದ. ಆಕೆ ಕಣ್ಣರಳಿಸಿ ನೋಡಿದಳು.

ಸಂಜೆಯ ಹೊತ್ತಿಗೆ ಒಂದು ಉಪಾಯ ಸಿಕ್ಕಿತು. ಹನ್ನೊಂದನ್ನೂ ಕೊಟ್ಟುಬಿಡುವುದು, ಗೌಡರು ಖುಷಿಯಾಗಿ ಆಮೇಲೆ ಏರಿಸಿದರು ಎನ್ನುವುದು. ಲಾಡ್ಲೆಸಾಬನಿಗೆ ಮಷೀನು ಬರುತ್ತದೆ, ಬರಲಿ, ಏನು ಮಾಡುವುದು. ತನ್ನ ಮರ್ಯಾದೆ ಉಳಿದರೆ ಸಾಕು.

ಶೆಡ್ಡಿನಲ್ಲಿ ಲಾಡ್ಲೆಸಾಬ ಗಾಡಿ ನಿಲ್ಲುತ್ತಿದ್ದ ಜಾಗದ ಎಣ್ಣೆ ಕಲೆಯ ಮೇಲೆ ಮರಳು ಹಾಕಿ ಉಜ್ಜುತ್ತಿದ್ದ. ಖಂಡಪ್ಪ ಕಟ್ಟನ್ನು ಮುಂದೆ ಹಿಡಿದು, ಕಲಿತುಕೊಂಡು ಬಂದದ್ದನ್ನು ಒಪ್ಪಿಸಿದ. "ಹನ್ನೊಂದು ಅದ ನೋಡು. ಗೌಡ್ರು ಭಾಳ ಖುಷಿ ಆಗಿದ್ರು. ಹೋಗೂಮುಂದ ಮತ್ತ ಏರಿಸಿ ಕೊಟ್ರು."

ಲಾಡ್ಲೆಸಾಬ ನಕ್ಕ. "ಯಾಕ ಸುಳ್ಳ ಹೇಳ್ತಿ ಅಣ್ಣಾ? ಕೈ ತಟ್ಟಿದ ಮ್ಯಾಲ ರೇಟು ಏರಿಸೋ ಎತ್ತಿನ ವ್ಯಾಪಾರಿ ಹುಟ್ಯಾನೇನು ಇನ್ನ?"

ಖಂಡಪ್ಪ ಕಟ್ಟನ್ನು ಅಲ್ಲೇ ಕೆಳಗಿಟ್ಟ.

"ಹತ್ತು ವರ್ಷ ನಿನ್ನ ಕೈಯಾಗ ಪಾನಾ ಇಟ್ಟೇನಿ. ನಿನ್ನ ಕೈ ನನಗ ತಿಳಿಯಂಗಿಲ್ಲೇನು? ವಲ್ಲಿಯೊಳಗ ತಣ್ಣಗಾಗಿ ಥರಥರ ಅನ್ನಾಕತ್ತಿತ್ತು. ಗೌಡ್ರು ಆರು ಹೇಳಿಲ್ಲ ಅಂತ ಆಗೇ ಗೊತ್ತಾತು." ಲಾಡ್ಲೆಸಾಬ ಕೈಯ ಮರಳು ಜಾಡಿಸಿದ. "ನಿನ್ನ ಮನಿಯಾಗ ವೈನೀದು ಆಪರೇಷನ್ ಆತು. ದವಾಖಾನಿ ಖರ್ಚು ಸಣ್ಣದಲ್ಲ. ನೀ ಸತ್ರೂ ಯಾರ ಮುಂದೂ ಕೈ ಚಾಚಾಂವಲ್ಲ. ಅಣ್ಣಗ ಅಡಚಣಿ ಅದ, ಬಾಯಿಬಿಟ್ಟು ಕೇಳಾಕ ನಾಚತಾನ, ವಲ್ಲಿಯೊಳಗ ಕೇಳ್ಯಾನ ಅಂತ ತಿಳಕೊಂಡೆ. ಅದಕ್ಕ ಕೈ ತಟ್ಟಿದೆ. ನನಗ ಆರು ಸಾಕು. ಮಷೀನು ಬರೂ ವರ್ಷ ತಗೊಂಡ್ರಾತು. ಐದು ನಿನ್ನ ಕಡೇ ಇಟ್ಕೋ, ಮನಸಿಗೆ ಹಚ್ಕೋಬ್ಯಾಡ."

ಹೂಂ ಅಂದಿದ್ದರೆ ಮುಗಿದಿತ್ತು. ತಲೆ ಬಗ್ಗಿಸಿ, ಎರಡು ಹನಿ ಕಣ್ಣೀರು ಸುರಿಸಿ, ಅಡಚಣೆ ಇತ್ತು ತಮ್ಮಾ ಅಂದಿದ್ದರೆ ಅಣ್ಣ ಅಣ್ಣನಾಗಿಯೇ ಉಳಿಯುತ್ತಿದ್ದ. ರೊಕ್ಕ ಬೇಡವೆಂದರೆ ವಾಪಸು ಕೊಟ್ಟರೂ ಆಗುತ್ತಿತ್ತು. ಆದರೆ ಹೊಟ್ಟೆಕಿಚ್ಚಿನ ಗುಣ ನೋಡಿ, ಎಲ್ಲಿ ಆರಬೇಕೋ ಅಲ್ಲೇ ಭುಗಿಲೆಂದಿತು. ಒಳ್ಳೆ ಕಿವಿಯೂ ಇವನದೇ, ಒಳ್ಳೆ ಕೈಯೂ ಇವನದೇ, ಈಗ ದೊಡ್ಡ ಮನಸ್ಸೂ ಇವನದೇ ಆಗಬೇಕೇ? ತಾನು ಇವನ ಮುಂದೆ ಕರುಣೆಯ ಭಿಕ್ಷೆ ತೆಗೆದುಕೊಂಡು ಬದುಕಬೇಕೇ?

"ಅಡಚಣಿಗಲ್ಲ ಲೇ!" ಎಂದು ಕಿರುಚಿದ ಖಂಡಪ್ಪ. "ನನಗ ಯಾವ ಅಡಚಣಿನೂ ಇಲ್ಲ. ದವಾಖಾನಿ ರೊಕ್ಕ ಆಕಿ ತವರಿನವರು ಕೊಟ್ಟಾರ. ಆರು ಅಂದ್ರ ನೀ ಕೈ ಎಳಕೋತಿ, ವ್ಯಾಪಾರ ಮುರೀತದ ಅಂತ ಮಾಡಿದೆ. ನಿನ್ನ ಗಾಡಿ ಹೋಗಬಾರದು ಅಂತ ಮಾಡಿದೆ. ಗೊಬ್ಬೂರಿನಾಂವಗ ಕ್ರ್ಯಾಂಕ್ ಸೀಳ್ಯಾದ ಅಂತ ಹೇಳಿದಾಂವನೂ ನಾನೇ. ಹೊಟ್ಟಿ ಉರೀತದ ನಂದು! ನಾ ಹೆಣ ಅಂದಿದ್ದನ್ನ ನೀ ಎಬ್ಬಿಸಿ ನಿಲ್ಲಿಸಿದಿ, ಅದಕ್ಕ!"

ಎದುರಿನ ಚಹದಂಗಡಿಯಲ್ಲಿ ಕಪ್ಪು ತೊಳೆಯುವುದು ಕೇಳುತ್ತಿತ್ತು. ಲಾಡ್ಲೆಸಾಬನ ಮುಖದಲ್ಲಿ ಸಿಟ್ಟು ಬಂದಿದ್ದರೆ ಖಂಡಪ್ಪ ತಡೆದುಕೊಳ್ಳುತ್ತಿದ್ದ, ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದ. ಅಂಥದ್ದೇನೂ ಬರಲಿಲ್ಲ. "ನೀ ಕಳ್ಳ ಆಗಿದ್ರ ಚಲೋ ಇತ್ತಲ್ಲ" ಎಂದಷ್ಟೇ ಹೇಳಿದ.

ಆಮೇಲೆ ಕಟ್ಟು ಬಿಚ್ಚಿದ. ಸಂತೆಯಲ್ಲಿ ದಲಾಲಿಯ ಪಾಲು ನೂರಕ್ಕೆ ಎರಡು. ಎರಡು ನೂರರ ನೋಟು, ಎರಡು ಹತ್ತರ ನೋಟು ಎಳೆದು, ಗೊತ್ತಿಲ್ಲದ ಊರಿನ ಗೊತ್ತಿಲ್ಲದ ದಲಾಲಿಗೆ ಕೊಡುವ ಹಾಗೆ ಖಂಡಪ್ಪನ ಕೈಗೆ ಹಿಡಿಸಿದ.

"ರಿವಾಜು ಅದ. ತಗೋರಿ ಮೇಸ್ತ್ರಿ" ಅಂದ.

ಅದನ್ನು ಹಿಡಿದುಕೊಂಡು ಖಂಡಪ್ಪ ಹೇಗೆ ರಸ್ತೆ ದಾಟಿದನೋ ಅವನಿಗೇ ಗೊತ್ತು. ದೇವೀಂದ್ರಪ್ಪ ಅಂಗಡಿಯಿಂದ, "ಎಷ್ಟಕ್ಕ ಹೋತೋ ಗಾಡಿ?" ಎಂದು ಕೂಗಿದ. ವಲ್ಲಿಯೊಳಗಿನ ಮಾತು ಹೇಳುವ ಹಾಗಿಲ್ಲ ಎಂದು ಖಂಡಪ್ಪ ಉತ್ತರ ಕೊಟ್ಟ. ಲಾಡ್ಲೆಸಾಬನೂ ಊರಿನಲ್ಲಿ ಯಾರ ಮುಂದೆಯೂ ಒಂದಕ್ಷರ ಆಡಲಿಲ್ಲ. ಎದುರು ಸಿಕ್ಕರೆ ನಮಸ್ಕಾರ ಮಾಡುತ್ತಿದ್ದ, ವೈನಿಯ ಆರೋಗ್ಯ ಕೇಳುತ್ತಿದ್ದ, ಎಲ್ಲ ಮರ್ಯಾದೆಯಿಂದ.

ಸಂಕ್ರಮಣ ಕಳೆದ ಮೇಲೆ ಮಷೀನು ಬಂತು. ಅದನ್ನು ನಡೆಸಲು ನರೋಣಾದ ಹುಲೆಪ್ಪ ಎಂಬ ವೆಲ್ಡರನನ್ನು ಲಾಡ್ಲೆಸಾಬ ಜೊತೆಗೆ ಹಾಕಿಕೊಂಡ. ತನಗಿಂತ ಐದಾರು ವರ್ಷ ಹಿರಿಯ, ಮಾತು ಕಡಿಮೆ, ಕೆಲಸ ಗಟ್ಟಿ. ಹೊಸ ಗೋಡೆಯ ಹಿಂದಿನಿಂದ ನೀಲಿ ಬೆಳಕು ಚಿಮ್ಮುವುದನ್ನು ಖಂಡಪ್ಪ ತನ್ನ ಅಂಗಡಿಯಿಂದ ನೋಡುತ್ತಿದ್ದ. ಮಷೀನಿನ ಬಗ್ಗೆ, ಬೋರ್ಡಿನ ಬಗ್ಗೆ ಈಗ ಅವನಿಗೆ ಅಷ್ಟೇನೂ ಅನಿಸುತ್ತಿರಲಿಲ್ಲ. ಒಮ್ಮೆ ದೊಡ್ಡಪ್ಪಗೌಡರು ಅದೇ ಬಿ.ಎಸ್.ಎ. ಮೇಲೆ ಬಂದು ಚಹ ಕುಡಿದು ಹೋದರು. ಒಂದೇ ಕಿಕ್ಕಿಗೆ ಚಾಲೂ ಆಯಿತು. ಆಗಲಿ ಬಿಡು ಎಂದು ಖಂಡಪ್ಪ ಅಂದುಕೊಂಡ.

ಒಂದು ಮಧ್ಯಾಹ್ನ ಖಂಡಪ್ಪ ಜೀಪಿನ ಕೆಳಗೆ ಮಲಗಿ ನಟ್ಟು ಬಿಚ್ಚುತ್ತಿದ್ದ. ಎದುರಿನ ಶೆಡ್ಡಿನಿಂದ ಲಾಡ್ಲೆಸಾಬನ ದನಿ ಕೇಳಿತು, ಹಳೆಯ ದನಿ, ಹತ್ತು ವರ್ಷ ಕೇಳಿದ ದನಿ.

"ಅಣ್ಣಾ, ಹದಿನಾಲ್ಕರ ಪಾನಾ ಎಲ್ಲಿ ಅದ ನೋಡು!"

ಕರೆದದ್ದು ಹುಲೆಪ್ಪನನ್ನು. ಖಂಡಪ್ಪ ಅಷ್ಟರಲ್ಲಿ ಜೀಪಿನ ಕೆಳಗಿನಿಂದ ತೆವಳಿ ಬಂದು, ಹದಿನಾಲ್ಕರ ಪಾನಾ ಕೈಯಲ್ಲಿ ಹಿಡಿದು ಎದ್ದು ನಿಂತುಬಿಟ್ಟಿದ್ದ.